ಜೋಳದ ಋಣ

ಬಮ್ಮಿಗಟ್ಟಿಯ ಶಾಲೆಯಲ್ಲಿ ಒಮ್ಮೆ ಕರ್ಣನ ಪಾಠ ಮುಗಿಸಿ ಪುಸ್ತಕ ಮುಚ್ಚುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಅಕ್ಕಾರ, ಭೀಷ್ಮ, ದ್ರೋಣ, ಕರ್ಣ ಮೂವರೂ ಒಂದ ಮನಿ ಅನ್ನಾ ಉಂಡವರು. ಕರ್ಣ ಒಬ್ಬನ ಯಾಕ ಮನಸ್ಸಿಟ್ಟು ದುಡದಾನ್ರೀ?” “ಅವನ ಗುಣಾನ ಅಂಥಾದ್ದವಾ” ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಪಾರಾದೆ. ಆದರೆ ಪ್ರಶ್ನೆ ನನ್ನ ಜೊತೆ ಮನೆಗೆ ಬಂದಿತು. ಅಂದು ರಾತ್ರಿ ಪಂಪಭಾರತವನ್ನು ಮತ್ತೆ ತೆರೆದೆ.

ಪಂಪ ನಮಗೆ ಹೊರಗಿನವನಲ್ಲ. ಅವನ ತಾಯಿ ಅಬ್ಬಣಬ್ಬೆ ನಮ್ಮ ಜಿಲ್ಲೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲ ಶಾಸನ ಹೇಳುತ್ತದೆ. ಉಂಡ ಅನ್ನಕ್ಕೆ ಪ್ರತಿಯಾಗಿ ಒಡೆಯನಿಗೆ ಪ್ರಾಣ ಕೊಡುವುದಕ್ಕೆ ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಮಾತಿದೆ. ದಿನವೂ ರೊಟ್ಟಿ ಬಡಿಯುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಜೋಳವೊಂದೇ ಸಾಕೇ? ಭೀಷ್ಮ, ದ್ರೋಣರು ಋಣ ತೀರಿಸಲು ಕಾದಿದರು. ಅವರ ಮನಸ್ಸು ಪಾಂಡವರ ಕಡೆಗಿತ್ತು. ಕರ್ಣನಿಗೆ ದುರ್ಯೋಧನ ಕೊಟ್ಟದ್ದು ಅಂಗರಾಜ್ಯ. ಕೊಟ್ಟದ್ದು ಯಾವಾಗ? ತುಂಬಿದ ಸಭೆಯಲ್ಲಿ ಕುಲ ಕೇಳಿ ಅವನ ತಲೆ ತಗ್ಗಿಸಿದಾಗ. ಮುಂದೆ ಕೃಷ್ಣ ಜನ್ಮರಹಸ್ಯ ಹೇಳಿ ಕರೆದರೂ ಕರ್ಣ ಹೋಗುವುದಿಲ್ಲ. ಆಗ ಅವನು ಎತ್ತುವ ಮಾತು ರಾಜ್ಯದ್ದಲ್ಲ, ಭಾನುಮತಿಯ ನೆತ್ತದಾಟದ್ದು, ಹರಿದು ಚೆಲ್ಲಿದ ಮುತ್ತಿನದ್ದು. ಆ ಪದ್ಯದ ಅನ್ವಯದ ಬಗ್ಗೆ ಪಂಡಿತರು ಬಹಳ ವಾದ ಮಾಡಿದ್ದಾರೆ. ತಾತ್ಪರ್ಯ ಮಾತ್ರ ಸರಳ: ದೊರೆ ತನ್ನನ್ನು ಸಂಶಯಪಡಲಿಲ್ಲ ಎಂಬುದನ್ನು ಕರ್ಣ ಮರೆತಿಲ್ಲ.

ಅದೇ ಮನೆಯಲ್ಲಿ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ ಕರ್ಣ ಆಡಿದ ಬಿರುಸು ಮಾತಿಗೆ ಎದುರಾಗಿ ಅವನ ಕುಲ ಮತ್ತೆ ಹೊರಬರುತ್ತದೆ. ಭೀಷ್ಮ ಬೀಳುವವರೆಗೆ ಕರ್ಣ ಶಸ್ತ್ರ ಹಿಡಿಯಲಿಲ್ಲ. ಆಶ್ರಿತರು ತಮ್ಮೊಳಗೇ ಹಂಗಿಸಿಕೊಳ್ಳುವ ಮನೆ ಹತ್ತು ದಿನ ತನ್ನ ನೆಚ್ಚಿನ ವೀರನಿಲ್ಲದೆ ಕಾದಿತು.

ಇನ್ನು ಕವಿಯನ್ನೇ ಒಂದು ಮಾತು ಕೇಳಬೇಕು. ಪಂಪನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಮೊರೆಹೊಕ್ಕ ವಿಜಯಾದಿತ್ಯನನ್ನು ಅವನು ಚಕ್ರವರ್ತಿ ನಾಲ್ಕನೆಯ ಗೋವಿಂದನಿಗೆ ಒಪ್ಪಿಸಲಿಲ್ಲ. ಸುಮಾರು 935ರಲ್ಲಿ ಆ ಗೋವಿಂದನನ್ನೇ ಇಳಿಸಿ ಬದ್ದೆಗನಿಗೆ ಪಟ್ಟ ಕಟ್ಟುವುದರಲ್ಲಿ ಮುಂದಾದ. ಒಡೆಯನನ್ನು ಬಿಡದ ಕರ್ಣನನ್ನು ಹೊಗಳಿದ ಪಂಪ, ಒಡೆಯನನ್ನು ಇಳಿಸಿದ ಅರಿಕೇಸರಿಯನ್ನೂ ಅದೇ ಕಾವ್ಯದಲ್ಲಿ ಹೊಗಳಿದ್ದಾನೆ. ಇದು ಆಸ್ಥಾನಕವಿಯ ಮುಲಾಜು ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಮುಲಾಜು ಇಲ್ಲವೆಂದಲ್ಲ. ಆದರೂ ಎರಡೂ ಕಡೆ ಅಳತೆ ಒಂದೇ. ಅವಮಾನಗೊಂಡವನಿಗೆ ದುರ್ಯೋಧನ ಆಸರೆ ಕೊಟ್ಟ. ಆಸರೆ ಬೇಡಿದವನನ್ನು ಗೋವಿಂದ ಕೈಗೊಪ್ಪಿಸೆಂದ. ಸಾಮಂತನ ಮಾನ ಉಳಿಸಿದ ಕಡೆ ನಿಷ್ಠೆ ಉಳಿಯಿತು, ಮಾನಕ್ಕೆ ಕೈ ಹಾಕಿದ ಕಡೆ ಹೋಯಿತು.

ಭೂಮಿ ಕೊಟ್ಟರೆ ನಿಷ್ಠೆ ಬರುವುದಾದರೆ ರಾಷ್ಟ್ರಕೂಟರು ಅಳಿಯುತ್ತಿರಲಿಲ್ಲ. ತರ್ದವಾಡಿ ನಾಡನ್ನು ಅವರಿಂದಲೇ ಪಡೆದಿದ್ದ ತೈಲಪ, 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸುಲಿದ ಮರುವರ್ಷವೇ ಅವರ ಸಿಂಹಾಸನ ಏರಿದ. ತನ್ನ ರಾಜಧಾನಿಯನ್ನೇ ಕಾಯದವನು ನಮ್ಮನ್ನೇನು ಕಾದಾನು ಎಂದು ಸಾಮಂತರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಇದೆಲ್ಲ ರಾಜರ ಕಥೆ, ನಮಗೇನು ಎನ್ನಬೇಡಿ. ನಾನು ಕಂಡ ಒಂದು ದೊಡ್ಡ ಮನೆಯಲ್ಲಿ ಹಿರಿಯ ಸೊಸೆ ಮೂವತ್ತು ವರ್ಷ ಒಲೆಯ ಮುಂದೆ ಬೆಂದಳು. ಮಾತು ಬಂದಾಗಲೆಲ್ಲ “ಈ ಮನಿ ಅನ್ನಾ ಉಂಡೀದಿ, ನೆನಪಿರಲಿ” ಎನ್ನುತ್ತಿದ್ದರು. ಮನೆ ಪಾಲಾಗುವ ದಿನ ಎಲ್ಲರಿಗಿಂತ ಮೊದಲು ಬುತ್ತಿ ಕಟ್ಟಿಕೊಂಡು ಹೊರಟವಳು ಅವಳೇ. “ಕೃತಘ್ನಿ” ಎಂದರು. ಅವಳು ಬಡಿದ ರೊಟ್ಟಿಯ ಲೆಕ್ಕ ಯಾರೂ ತೆಗೆಯಲಿಲ್ಲ.

ಮರುದಿನ ಆ ಹುಡುಗಿಯನ್ನು ಕರೆದು, “ನಿನ್ನೆ ನಾ ಹೇಳಿದ್ದು ಅರ್ಧಾ ಆಗಿತ್ತವಾ” ಎಂದೆ. “ಕರ್ಣನ ಗುಣಾ ಖರೇನ. ಆದ್ರ ಅವಂಗ ಜೋಳದ ಜೋಡಿ ಮರ್ಯಾದಿನೂ ಸಿಕ್ಕಿತ್ತು.”