ಆರು ಕಿಲೋ ಪೆಟ್ಟಿಗೆ, ಏಳು ಕಿಲೋ ಮಿತಿ

ಬೆಂಗಳೂರಿನಲ್ಲಿ ಡೈವಿಂಗ್ ಹುಚ್ಚು ಹಿಡಿದವರಿಗೆ ಮೊದಲು ಎದುರಾಗುವುದು ಚೆಕ್-ಇನ್ ಕೌಂಟರಿನ ತೂಕದ ಯಂತ್ರ, ಕಡಲು ಆಮೇಲೆ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲ. ಇಂದಿರಾನಗರದಿಂದ ಅಂಡಮಾನಿಗೆ ಹೊರಟವರ ಸಾಮಾನನ್ನು ಒಮ್ಮೆ ತೂಗಿ ನೋಡಬೇಕು: ನೀರಿನಲ್ಲಿ ತೇಲುವಿಕೆಯನ್ನು ಹತೋಟಿಯಲ್ಲಿಡುವ ಬಿಸಿಡಿ ಜಾಕೆಟ್ಟು ಮೂರೂವರೆ ಕಿಲೋ, ರೆಗ್ಯುಲೇಟರು ಮೂರರ ಆಸುಪಾಸು, ಫಿನ್ನುಗಳು ಎರಡು, ವೆಟ್‌ಸೂಟು ಇನ್ನೆರಡು. ಮಾಸ್ಕು, ಕಂಪ್ಯೂಟರು ಸೇರಿದರೆ ಹನ್ನೊಂದು. ಕ್ಯಾಮೆರಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದು, ಅದಕ್ಕೆ ನೀರು ತಾಗದಂತೆ ಕಾಯುವ ಅಲ್ಯೂಮಿನಿಯಂ ಹೌಸಿಂಗು, ಗಾಜಿನ ಡೋಮು, ಎರಡು ಸ್ಟ್ರೋಬು, ಅವುಗಳ ತೋಳುಗಳು ಎಲ್ಲ ಕೂಡಿ ಮತ್ತೆ ಎಂಟು-ಹತ್ತು ಕಿಲೋ. ಉಡುವ ಬಟ್ಟೆಗೆ ಉಳಿಯುವುದು ಚಿಲ್ಲರೆ.

ಇಷ್ಟು ಬಿಗಿ ಲೆಕ್ಕದಲ್ಲೂ ನಮ್ಮ ಹವ್ಯಾಸಿಗಳು ಮೊದಲು ಕೊಳ್ಳುವುದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಹೆಸರುವಾಸಿಯಾದ ಪೆಲಿಕನ್ 1510 ಒಳಗಿನ ಫೋಮ್ ಸೇರಿ ಸುಮಾರು 6 ಕಿಲೋ ತೂಗುತ್ತದೆ. ಏಳರಲ್ಲಿ ಆರು ಪೆಟ್ಟಿಗೆಗೇ ಹೋದರೆ ಕ್ಯಾಮೆರಾಕ್ಕೆ ಒಂದು. ಬಿದ್ದರೂ ಒಡೆಯದ, ನೀರು ನುಗ್ಗದ ಪೆಟ್ಟಿಗೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರು–ಶ್ರೀ ವಿಜಯಪುರಂ (ಮೊದಲಿನ ಪೋರ್ಟ್ ಬ್ಲೇರ್) ದಾರಿಯಲ್ಲಿ ಹೆದರಬೇಕಾದದ್ದು ಹಮಾಲಿಯ ಕೈಗಿಂತ ತೂಕಕ್ಕೆ. ಗೇಟಿನ ಬಳಿ ಸಿಬ್ಬಂದಿ ಆ ಪೆಟ್ಟಿಗೆಯನ್ನು ತೂಗಿ ಕೆಳಗೆ ಕಳಿಸಿದರೆ ಅದರೊಳಗಿನ ಬ್ಯಾಟರಿಗಳನ್ನೆಲ್ಲ ಅಲ್ಲೇ, ನಿಂತ ಕಾಲಲ್ಲೇ ಹೊರಗೆ ತೆಗೆಯಬೇಕು. 2008ರ ಮೇ ತಿಂಗಳವರೆಗೆ ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲೇ ಇತ್ತು. ಹೆಚ್ಚಾದದ್ದನ್ನು ಆಟೋದಲ್ಲಿ ಹಲಸೂರಿನ ಮನೆಗೆ ವಾಪಸು ಕಳಿಸಬಹುದಿತ್ತು. ಈಗಿನ ದೇವನಹಳ್ಳಿ ನಿಲ್ದಾಣದಿಂದ ಆ ಮಾತೆತ್ತುವ ಹಾಗಿಲ್ಲ.

ಗಟ್ಟಿ ಪೆಟ್ಟಿಗೆ ಸಿನಿಮಾ ತಂಡಗಳಿಗೆ ಸರಿಹೊಂದುವ ವಸ್ತು. 1987ರ ‘ಒಂದು ಮುತ್ತಿನ ಕಥೆ’ಗಾಗಿ ಶಂಕರ್ ನಾಗ್ ತಂಡ ರಾಜ್‌ಕುಮಾರ್ ಅವರನ್ನು ನೀರಿಗಿಳಿಸಲು ಮಾಲ್ಡೀವ್ಸ್‌ವರೆಗೆ ಹೋಗಿತ್ತು. 2022ರ ಅಕ್ಟೋಬರಿನಲ್ಲಿ ತೆರೆಕಂಡ, ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುತ್ತಾರೆ. ಅಂಥ ಕೆಲಸದಲ್ಲಿ ಹೆಚ್ಚುವರಿ ಲಗೇಜಿನ ದುಡ್ಡು ನಿರ್ಮಾಪಕರ ಖಾತೆಗೆ ಹೋಗುತ್ತದೆ. ನಾಲ್ಕು ದಿನ ರಜೆ ಹಾಕಿ ಹೊರಟ ಸಾಫ್ಟ್‌ವೇರ್ ಎಂಜಿನಿಯರು ಅದೇ ಠೀವಿಯನ್ನು ನಕಲು ಮಾಡಿದರೆ ಕಿಲೋ ಲೆಕ್ಕದಲ್ಲಿ ದಂಡ ತೆರಬೇಕು. ಶಿವಾಜಿನಗರದ ಬ್ಯಾಗಿನ ಅಂಗಡಿಗಳಲ್ಲಿ ಸಿಗುವ ಹಗುರ ಬಟ್ಟೆಯ ಚೀಲಕ್ಕೆ ಸ್ಪಂಜಿನ ಹಾಳೆ ಕತ್ತರಿಸಿ ಹಾಕಿಕೊಂಡವರು ಹೆಚ್ಚು ಜಾಣರು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಡೈವರ್‌ಗಳ ಗೊಣಗಾಟಕ್ಕೆ ಕಿವಿಗೊಡಬೇಕಾಗಿಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಯುಪಿಎಸ್ ಸರಕು ವಿಮಾನ ಹೊತ್ತಿ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಅದರಲ್ಲಿ ಲಿಥಿಯಂ ಬ್ಯಾಟರಿಗಳ ಸರಕಿತ್ತು. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, 100 ವಾಟ್-ಅವರ್ ಒಳಗಿರಬೇಕು, 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು ಎಂಬ ನಿಯಮ ಕಿರುಕುಳವೇನಲ್ಲ. ಟಾರ್ಚಿನ 21700 ಸೆಲ್ಲು ಬರೀ 18 ವಾಟ್-ಅವರ್. ಹೆಚ್ಚಿನವರು ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ತುದಿಗಳಿಗೆ ಟೇಪು ಅಂಟಿಸಿ, ಒಂದೊಂದನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಆಯಿತು. ತೊಡಕು ಡೈವಿಂಗ್ ಟಾರ್ಚಿನದು. ನೀರಿನಲ್ಲಿ ತಣ್ಣಗಿರುವ ಅದು ಗಾಳಿಯಲ್ಲಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಕಾಯಬಲ್ಲದು. ಅದಕ್ಕೇ ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಪ್ರತ್ಯೇಕ ಸಾಲಿದೆ, ಮುಂಚಿತ ಒಪ್ಪಿಗೆಯೂ ಬೇಕು. ಒಪ್ಪಿಗೆ ಕೇಳುವ ಗೋಜಿಗೆ ಹೋಗುವವರು ವಿರಳ. ಬ್ಯಾಟರಿ ಕಳಚಿಟ್ಟಿದ್ದರೆ ಅರ್ಧ ಅಪಾಯ ಅಲ್ಲಿಗೇ ಮುಗಿಯುತ್ತದೆ, ನಿಜ. ಅರ್ಜಿ ಬರೆಯುವುದು ಮಾತ್ರ ತಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ ಸಂಗತಿ ಗಾಳಿಯ ಒತ್ತಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಒತ್ತಡ ಕಡಲತೀರದ ಸುಮಾರು ಶೇ. 90. ಹೌಸಿಂಗನ್ನು ಮನೆಯಲ್ಲೇ ಭದ್ರವಾಗಿ ಮುಚ್ಚಿ ವಿಮಾನ ಹತ್ತಿಸಿದರೆ ಎರಡು ಪೇಚು ಕಾದಿರುತ್ತವೆ. ಮೇಲೆ ಹಾರುವಾಗ ವಿಮಾನದೊಳಗಿನ ಒತ್ತಡ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ಆಗ 20 ಸೆಂಟಿಮೀಟರ್ ವ್ಯಾಸದ ಡೋಮನ್ನು ಒಳಗಿನ ಗಾಳಿ 45–50 ಕಿಲೋ ಬಲದಿಂದ ಹೊರಕ್ಕೆ ನೂಕುತ್ತದೆ. ಹೌಸಿಂಗ್ ಮಾಡಿರುವುದು ಹೊರಗಿನ ನೀರಿನ ಅದುಮುವಿಕೆಯನ್ನು ತಡೆಯಲು. ಒಳಗಿನಿಂದ ನೂಕಿಸಿಕೊಂಡು ಅದಕ್ಕೆ ಅಭ್ಯಾಸವಿಲ್ಲ. ಅಂಡಮಾನಿನಲ್ಲಿ ಇಳಿದ ಮೇಲೆ ಪರಿಸ್ಥಿತಿ ತಿರುವುಮುರುವು: ಅದೇ ಡೋಮನ್ನು ಹೊರಗಿನ ಗಾಳಿ ಮೂವತ್ತು ಕಿಲೋಗೂ ಹೆಚ್ಚು ಬಲದಿಂದ ಒಳಕ್ಕೆ ಅದುಮಿ ಹಿಡಿದಿರುತ್ತದೆ. ಅದನ್ನು ಬಿಡಿಸಲು ಸ್ಕ್ರೂಡ್ರೈವರ್ ಹಾಕಿ ಮೀಟಿದವರ ಹೌಸಿಂಗಿನ ಅಂಚಿನಲ್ಲಿ ಗೀರು ಬೀಳುತ್ತದೆ, ಮಾರನೇ ದಿನ ಆ ಗೀರಿನಿಂದ ನೀರು ಜಿನುಗುತ್ತದೆ. ಹೌಸಿಂಗನ್ನು ಬಿಗಿಯಾಗಿ ಮುಚ್ಚುವ ಮುಖ್ಯ ರಬ್ಬರ್ ಉಂಗುರವನ್ನು (ಓ-ರಿಂಗ್) ತೆಗೆದು ಬೇರೆ ಡಬ್ಬಿಯಲ್ಲಿಟ್ಟರೆ ಈ ರಗಳೆಯೇ ಇಲ್ಲ. ಖರ್ಚೂ ಇಲ್ಲ, ತೂಕವೂ ಇಲ್ಲ. ಆದರೂ ಪೆಟ್ಟಿಗೆಗೆ ಸಾವಿರಾರು ಸುರಿದವರು ಈ ಪುಕ್ಕಟೆ ಉಪಾಯವನ್ನು ಮರೆಯುತ್ತಾರೆ.

ವೆಟ್‌ಸೂಟಿನಲ್ಲಿ ಹೌಸಿಂಗ್ ಸುತ್ತುವ ರೂಢಿ ಹೋಗುವಾಗ ಭೇಷ್. ನಿಯೋಪ್ರೀನಿನಂಥ ಮೆತ್ತೆ ಬೇರೆ ಸಿಗದು, ಅದರ ತೂಕ ಹೇಗೂ ಲೆಕ್ಕದಲ್ಲಿದೆ. ಬರುವಾಗ ಅದೇ ಸೂಟು ಉಪ್ಪುನೀರು ಕುಡಿದು ಭಾರವಾಗಿರುತ್ತದೆ, ಜೊತೆಗಿದ್ದ ಲೋಹಕ್ಕೂ ಉಪ್ಪು ಮೆತ್ತುತ್ತದೆ. ಇದಕ್ಕೆ ಮದ್ದು ಡೈವಿಂಗಿನ ಕಟ್ಟಳೆಯಲ್ಲೇ ಇದೆ. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವರ್‌ಗಳ ಸುರಕ್ಷಾ ಸಂಸ್ಥೆ ಡಾನ್ ಹೇಳುತ್ತದೆ. ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಬೇಕಾದ ಆ ವೇಳೆಯನ್ನು ಸಾಮಾನು ತೊಳೆದು ಒಣಗಿಸಲು ಬಳಸುವವರು ಕಡಿಮೆ; ಕೊನೆಯ ಮಧ್ಯಾಹ್ನವೆಲ್ಲ ಶಾಪಿಂಗಿಗೆ.

ಹಾಗಾದರೆ ಯಾವುದನ್ನು ಒಯ್ಯಬೇಕು? ಮಾಸ್ಕು ಮುಖಕ್ಕೆ ಹೊಂದಬೇಕು, ಕಂಪ್ಯೂಟರು ಪರಿಚಿತವಾಗಿರಬೇಕು, ರೆಗ್ಯುಲೇಟರು ನಂಬಿಕೆಯದಾಗಿರಬೇಕು. ಇವು ಮೂರೂ ಕ್ಯಾಮೆರಾ ಜೊತೆ ಹೋಗಲಿ. ಡೈವಿಂಗ್ ಚಾಕು ಇದ್ದರೆ ಅದು ಚೆಕ್-ಇನ್‌ನಲ್ಲೇ ಇರಲಿ. ಬಿಸಿಡಿ, ಫಿನ್ನುಗಳನ್ನು ಡೈವಿಂಗ್ ಕೇಂದ್ರಗಳೇ ಕೊಡುತ್ತವೆ. ಅವನ್ನು ಮನೆಯಿಂದ ಹೊರುವುದರಲ್ಲಿ ಹೆಮ್ಮೆಯ ಪಾಲೇ ಹೆಚ್ಚು. ವಿದೇಶಕ್ಕೆ ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಪಡೆಯುವುದು ಒಳ್ಳೆಯದು; ಇಲ್ಲವಾದರೆ ಮರಳುವಾಗ ಹಳೇ ಕ್ಯಾಮೆರಾಕ್ಕೂ ಸುಂಕದ ಪ್ರಶ್ನೆ ಎದ್ದೀತು.

ಒಂದನ್ನೂ ಬಿಟ್ಟು ಹೋಗಲು ಮನಸ್ಸು ಒಪ್ಪದವರಿಗೆ ನೇತ್ರಾಣಿ ಇದೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರ್ಡೇಶ್ವರಕ್ಕೆ ರಾತ್ರಿ ರೈಲು ಸಿಗುತ್ತದೆ. ಸ್ಲೀಪರ್ ಟಿಕೆಟ್ಟಿಗೇ 40 ಕಿಲೋ ಉಚಿತ, ಎರಡನೇ ದರ್ಜೆ ಎಸಿಗೆ 50. ಪೆಲಿಕನ್ ಪೆಟ್ಟಿಗೆ ಅಲ್ಲಿ ಬರ್ತಿನ ಕೆಳಗೆ ಧಾರಾಳವಾಗಿ ಮಲಗೀತು. ವಾಪಸು ಬರುವಾಗ ಘಟ್ಟ ಹತ್ತಬೇಕೆಂಬುದನ್ನು ಮಾತ್ರ ನೆನಪಿಡಬೇಕು. 900 ಮೀಟರ್ ಎತ್ತರವನ್ನು ರೈಲಿನಲ್ಲಿ ಏರಿದರೂ ಅದು ನೈಟ್ರೋಜನ್‌ಗೆ ಎತ್ತರವೇ. ಆ ರೈಲಿಗೆಂದು ಹಲಸೂರಿನಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಹಿಡಿಯುವವರಿಗೂ ಒಂದು ಅಳತೆಪಟ್ಟಿಯಿದೆ: 60, 45, 25 ಸೆಂಟಿಮೀಟರ್. ಉದ್ದ ಫಿನ್ನಿನ ಚೀಲ ಅದನ್ನು ಮೀರಿದರೆ ಲಗೇಜಿಗೆಂದು ಬೇರೆ 30 ರೂಪಾಯಿ.