ಧವಲಾ ಟೀಕೆಯೂ ಮೂಡುಬಿದಿರೆಯ ಭಂಡಾರವೂ

ಗ್ರಂಥವನ್ನು ಕಾಪಾಡುವುದು ಬೇರೆ, ಗ್ರಂಥಾರ್ಥವನ್ನು ಕಾಪಾಡುವುದು ಬೇರೆ. ಈ ಭೇದಕ್ಕೆ ಮೂಡುಬಿದಿರೆಯ ಸಿದ್ಧಾಂತ ಬಸದಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ದುರ್ಲಭ. ದಿಗಂಬರ ಜೈನರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿ ಶತಮಾನಗಳ ಕಾಲ ಉಳಿದುಬಂದಿತು. ಯಾತ್ರಿಕರಿಗೆ ಲಭಿಸುತ್ತಿದ್ದುದು ಅದರ ದರ್ಶನವೇ ಹೊರತು ಪಠನವಲ್ಲ. ಸಿದ್ಧಾಂತಾಧ್ಯಯನಕ್ಕೆ ಗೃಹಸ್ಥನು ಅಧಿಕಾರಿಯಲ್ಲವೆಂಬ ಭಾವನೆಯೂ ಬಲವಾಗಿದ್ದಿತು.

ಈ ನಿಷೇಧವು ಕೃತಿಯ ಸ್ವಭಾವಕ್ಕೆ ಒಪ್ಪುವುದೇ? ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಶ್ರುತವು ಅಳಿದೀತೆಂದು ಅಂಜಿ ಪುಷ್ಪದಂತ ಭೂತಬಲಿಗಳೆಂಬ ಮುನಿಗಳನ್ನು ಪರೀಕ್ಷಿಸಿ ಬೋಧಿಸಿದರೆಂಬುದು ಪರಂಪರೆಯ ಮಾತು. ಅಲ್ಲಿ ಪರೀಕ್ಷೆಯುಂಟು, ಆದರೆ ಪರೀಕ್ಷೆಯ ಫಲವು ಬೋಧನೆ, ಬೀಗವಲ್ಲ. ಹೆಚ್ಚಿನ ವಿದ್ವಾಂಸರು ಕ್ರಿ.ಶ. 816ರಲ್ಲಿ ಮುಗಿಯಿತೆಂದು ಎಣಿಸುವ ಟೀಕೆಯ ಶೈಲಿಯೂ ಇದನ್ನೇ ಸಾರುತ್ತದೆ. ಪ್ರಾಕೃತ ಸಂಸ್ಕೃತಗಳು ಬೆರೆತ ಆ ಗದ್ಯದಲ್ಲಿ ಹೆಜ್ಜೆಹೆಜ್ಜೆಗೂ ಶಂಕೆಯೇಳುತ್ತದೆ, ಸಮಾಧಾನವು ಬರುತ್ತದೆ. ಸಂದೇಹಪಡುವವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಬರೆದ ಗ್ರಂಥವು, ಸಂದೇಹಪಡುವವನು ಕಾಲಿಡಲಾಗದ ಕೋಣೆಯನ್ನು ಸೇರಿದುದು ವಿಪರ್ಯಾಸ.

1896ರಲ್ಲಿ ಮೊದಲಾದ ಪ್ರತಿ ಮಾಡುವ ಕಾರ್ಯವು ಹಲವು ವರ್ಷ ನಡೆಯಿತು. ಗುಟ್ಟಾಗಿ ಮಾಡಿದ ನಕಲೊಂದು ಹೊರಬಿದ್ದು ಉತ್ತರ ದೇಶವನ್ನು ಸೇರಿತು. ಅದರಿಂದಿಳಿದ ಪ್ರತಿಗಳನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಅದರ 93ನೆಯ ಸೂತ್ರ ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಕುರಿತದ್ದು. ಅಲ್ಲಿ 'ಸಂಜದ', ಎಂದರೆ ಸಂಯತ, ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅರ್ಥಸಂದರ್ಭದಿಂದಲೇ ಊಹಿಸಿದರು. ಸ್ತ್ರೀಗೆ ಪೂರ್ಣಸಂಯಮವುಂಟೇ ಎಂಬ ಪ್ರಶ್ನೆಯು ಆ ಒಂದು ಪದಕ್ಕೆ ತಗುಲಿಕೊಂಡುದರಿಂದ ಪಂಡಿತರಲ್ಲಿ ತೀವ್ರವಾದ ವಾದವೆದ್ದಿತು. ಮುಂದೆ ಮೂಡುಬಿದಿರೆಯ ತಾಳೆಗರಿಯನ್ನು ನೋಡಲಾಗಿ ಪದವು ಅಲ್ಲಿಯೇ ಇದ್ದಿತು! ಅದರ ಅರ್ಥನಿರ್ಣಯದಲ್ಲಿ ಮತಭೇದ ಉಳಿದರೂ ಪಾಠವು ನಿಶ್ಚಿತವಾಯಿತು.

ಆದಕಾರಣ ಭಂಡಾರದ ರಕ್ಷಕರನ್ನು ಹಳಿಯುವುದು ಕೃತಘ್ನತೆ. ಅವರ ಶ್ರದ್ಧೆಯಿಲ್ಲದಿದ್ದರೆ ಆ ಗರಿಯೇ ಇರುತ್ತಿರಲಿಲ್ಲ. ಆದರೆ ಅವರ ನಿಷೇಧವನ್ನು ಹೊಗಳುವುದೂ ಅವಿವೇಕ. ಮೂಲವು ಮುಚ್ಚಿದ್ದಾಗ ಲೋಕದಲ್ಲಿ ಸಂಚರಿಸಿದುದು ನಕಲಿನ ನಕಲು, ಅದರೊಡನೆ ಲೋಪ. ಗರಿಯು ಪದವನ್ನು ಉಳಿಸಿತು; ಪದವು ಲೋಪವಾಗಿದೆಯೆಂದು ಕಂಡುಹಿಡಿದವನು ಹೊರಗಿನ ಓದುಗ. ಇಬ್ಬರೂ ಸಂಧಿಸಿದ ದಿನವೇ ಸೂತ್ರವು ಪೂರ್ಣವಾಯಿತು. ಇಂದು ಧವಲೆಯು 16 ಸಂಪುಟಗಳಲ್ಲಿ ಯಾರಿಗಾದರೂ ಲಭ್ಯವಿದೆ. ಅದರಿಂದ ಆಗಮದ ಗೌರವಕ್ಕೆ ಕಿಂಚಿತ್ತೂ ಕುಂದು ಬಂದಿಲ್ಲ. ಇನ್ನೂ ಬೀಗ ತೆರೆಯದ ಭಂಡಾರಗಳ ಒಡೆಯರು ಮನನ ಮಾಡತಕ್ಕ ವಿಷಯವಿದು.