ಲಿಂಫೋಸೈಟುಗಳ ವರ್ಗೀಕರಣದಲ್ಲಿ ಕಿಣ್ವರಂಜನದ ಸ್ಥಾನ: ಒಂದು ವಿಮರ್ಶೆ

ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟುಗಳ ವರ್ಗೀಕರಣದ ಚರಿತ್ರೆಯನ್ನು ಬರೆಯುವವರು, ಪ್ರತಿಕಾಯ ವಿಧಾನ ಬಂದೊಡನೆ ಕಿಣ್ವರಂಜನವು ಅಸ್ತಂಗತವಾಯಿತೆಂದು ಹೇಳುವುದುಂಟು. ಈ ಅಭಿಪ್ರಾಯ ಅರ್ಧಸತ್ಯ.

ಟಿ ಮತ್ತು ಬಿ ಲಿಂಫೋಸೈಟುಗಳನ್ನು ಸಾಮಾನ್ಯ ವರ್ಣಕಗಳು ಬೇರ್ಪಡಿಸಿ ತೋರಿಸಲಾರವು. ಕಿಣ್ವರಂಜನವಾದರೋ ಕಣದ ಕಾರ್ಯವನ್ನೇ ವಿಚಾರಿಸುತ್ತದೆ: ಒದಗಿಸಿದ ದ್ರವ್ಯವನ್ನು ಕಿಣ್ವವು ವಿಭಜಿಸಿದ ಎಡೆಯಲ್ಲಿ ಬಣ್ಣ ನೆಲೆಗೊಳ್ಳುತ್ತದೆ. ೧೯೭೧ರಲ್ಲಿ, ಬಿ ಕಣಗಳ ಅರ್ಬುದವಾದ ಹೇರಿ ಸೆಲ್ ಲ್ಯುಕೀಮಿಯದಲ್ಲಿ ಟಾರ್ಟ್ರೇಟಿಗೆ ಮಣಿಯದ ಆಸಿಡ್ ಫಾಸ್ಫಟೇಸ್ ಕಿಣ್ವವನ್ನು ಗುರುತಿಸಲಾಯಿತು. ಅದೇ ದಶಕದಲ್ಲಿ, ಆರೋಗ್ಯವಂತರ ಅನೇಕ ಟಿ ಕಣಗಳಲ್ಲಿ ಎಸ್ಟರೇಸ್ ಕಿಣ್ವವು ಚುಕ್ಕೆಯಂತೆ ಕಾಣುವುದೆಂದು ತಿಳಿದುಬಂದಿತು. ಆದರೆ ಮೊದಲು ಹೇಳಿದ ಫಾಸ್ಫಟೇಸು ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟುಗಳಲ್ಲಿಯೂ ಉಂಟು. ಕಿಣ್ವವು ಕಣದ ವೃತ್ತಿಯನ್ನು ಹೇಳೀತು, ಕುಲವನ್ನು ನಿಶ್ಚಯಿಸಲಾರದು.

೧೯೭೫ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನರು ಪ್ರಕಟಿಸಿದ ಮೊನೊಕ್ಲೋನಲ್ ಪ್ರತಿಕಾಯಗಳ ವಿಧಾನ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಆದರೂ ಪ್ರತಿಕಾಯವು ಸ್ವತಃ ಕಣ್ಣಿಗೆ ಕಾಣದು. ಅಂಗಾಂಶದ ತೆಳುಪದರದಲ್ಲಿ ಅದನ್ನು ಕಾಣಿಸುವುದು ಅನೇಕ ವೇಳೆ ಅದಕ್ಕೆ ಜೋಡಿಸಿದ ಪೆರಾಕ್ಸಿಡೇಸ್ ಕಿಣ್ವವೇ. ಈ ಜೋಡಣೆಯನ್ನು ನಕಾನೆ ಮತ್ತು ಪಿಯರ್ಸರು ೧೯೬೬ರಲ್ಲಿಯೇ ವಿವರಿಸಿದ್ದರು. ಅಂತು ಕಿಣ್ವವು ಅಳಿಯಲಿಲ್ಲ, ಸಾಕ್ಷಿಯಾಗಿದ್ದುದು ದೀಪವಾಯಿತು.

ಈ ಭೇದ ಕೇವಲ ಶಬ್ದಗಳದಲ್ಲ. ಅಂಗಾಂಶದ ಸ್ವಂತ ಪೆರಾಕ್ಸಿಡೇಸನ್ನು ಮೊದಲು ಅಡಗಿಸದಿದ್ದರೆ ಅದರಿಂದಲೂ ಬಣ್ಣ ಮೂಡಿ ರೋಗನಿರ್ಣಯ ದಾರಿತಪ್ಪಬಹುದು. ಆದುದರಿಂದ ಬಣ್ಣವನ್ನು ಕಂಡವರು ಅದು ಯಾವ ಕಿಣ್ವದ ಮಾತೆಂದು ಕೇಳಲೇಬೇಕು. ದಾಖಲೆಯನ್ನು ಓದುವ ಚರಿತ್ರಕಾರನ ಮೊದಲ ಪ್ರಶ್ನೆಯೂ ಇಂತಹದೇ ಅಲ್ಲವೆ?